ಮಹಾವೀರಾಚಾರ್ಯರ ಹಾರ 12345654321 ಮತ್ತು ಅದರೊಳಗೆ ಅಡಗಿರುವ 3003ರ ವರ್ಗ

ಅಂಕಮಾಲೆ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳಿಗೆ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಬರುವ ಒಂದು ಗುಣಾಕಾರವನ್ನು ಕೊಟ್ಟಿದ್ದೆ: 27994681ನ್ನು 441ರಿಂದ ಗುಣಿಸಬೇಕು. ಉತ್ತರ 12345654321, ಅಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರಂಭವಾಗಿ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದೇ ಗ್ರಂಥಕಾರರು ಅದನ್ನು ಬಣ್ಣಿಸಿದ್ದಾರೆ. ಅಂಕಿಗಳು ಹೀಗೆ ಜೋಡಣೆಯಾಗಿ ನಿಲ್ಲುವ ಗುಣಲಬ್ಧಗಳನ್ನು ಅವರು ಕೊರಳಿನ ಹಾರಕ್ಕೆ ಹೋಲಿಸುವುದರಿಂದ ನಾವೂ ತರಗತಿಯಲ್ಲಿ ಇದನ್ನು ಹಾರ ಎಂದೇ ಕರೆದೆವು.

ಮಕ್ಕಳು ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೆ ನಾನು ತೃಪ್ತಿಕರವಾಗಿ ಉತ್ತರಿಸಲಾಗಲಿಲ್ಲ. ‘ಈ ಸಂಖ್ಯೆ ನೋಡಲು ಚೆನ್ನಾಗಿದೆ, ಸರಿ, ಆದರೆ ಅಂಕಿಗಳ ಸೊಗಸನ್ನು ಬದಿಗಿಟ್ಟರೆ ಇದರಲ್ಲಿ ವಿಶೇಷವೇನಿದೆ?’ ಎಂದು ಒಬ್ಬ ಹುಡುಗಿ ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಹತ್ತರ ಬದಲು ಬೇರೆ ಆಧಾರದಲ್ಲಿ ಬರೆದರೆ ಹಾರ ಕಾಣಿಸುವುದೇ ಇಲ್ಲ. ಹಾಗಿದ್ದಲ್ಲಿ ಬರವಣಿಗೆಯ ರೀತಿಯನ್ನು ಅವಲಂಬಿಸದೆ ಸಂಖ್ಯೆಯಲ್ಲಿಯೇ ಇರುವ ಗುಣಗಳು ಯಾವುವು? ತಿಳಿದವರು ದಯವಿಟ್ಟು ಬರೆಯಿರಿ.

ಕಾಗಿಣಾತೀರ ಬರೆದಿದ್ದಾರೆ:

ಮೇಡಂ, ಮೊದಲು ಹಾರದ ಬಗ್ಗೆಯೇ ಒಂದೆರಡು ಮಾತು, ಏಕೆಂದರೆ ಇದು ನಮ್ಮ ಊರಿನ ಕಡೆಯ ವಿಷಯ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿದೆ. ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಈ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು, ಆರಂಭದ ಪದ್ಯಗಳಲ್ಲಿ ಆ ರಾಜನನ್ನು ಹೊಗಳಿದ್ದಾರೆ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿದ ಮುದ್ರಿತ ಪ್ರತಿ 1912ರಲ್ಲಿ ಮದ್ರಾಸಿನಿಂದ ಹೊರಬಂದ ಮೇಲೆ ಹೊರಜಗತ್ತಿನ ವಿದ್ವಾಂಸರಿಗೂ ಅದು ತಲುಪಿತು. ದೊಡ್ಡ ಸಂಖ್ಯೆಗಳ ಮೇಲೆ ಅವರಿಗಿದ್ದ ಪ್ರೀತಿಗೆ ಸ್ಥಾನಗಳ ಹೆಸರಿನ ಪಟ್ಟಿಯೇ ಸಾಕ್ಷಿ. ಏಕದಿಂದ ಆರಂಭಿಸಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಅವರು ಹೆಸರಿಸುತ್ತಾರೆ. ನಮ್ಮ ಹಾರಕ್ಕೆ ಅವುಗಳಲ್ಲಿ ಹನ್ನೊಂದು ಸಾಕು.

ಈ ಗುಣಾಕಾರ ಒಂಟಿಯಾಗಿ ಬಂದದ್ದಲ್ಲ. 139 × 109 = 15151, 152207 × 73 = 11111111, 12345679 × 9 = 111111111, 14287143 × 7 = 100010001, 333333666667 × 33 = 11000011000011 ಇವೂ ಅಲ್ಲಿವೆ. ಇವುಗಳನ್ನು ಆಕಸ್ಮಿಕವಾಗಿ ಕಂಡುಕೊಂಡವರು ಯಾರೂ ಇರಲಾರರು. ಗುಣಲಬ್ಧವನ್ನು ಮೊದಲು ಇಟ್ಟುಕೊಂಡು, ಅದನ್ನು ಭಾಗಿಸಿ, ಗುಣ್ಯವನ್ನೂ ಗುಣಕವನ್ನೂ ಹಿಮ್ಮುಖವಾಗಿ ಪಡೆದಿರಬೇಕೆಂಬುದು ನನ್ನ ಅನಿಸಿಕೆ.

ಲೆಕ್ಕದಪುಟ ಬರೆದಿದ್ದಾರೆ:

ಹಿಮ್ಮುಖವಾಗಿ ಹೋಗುವುದೇ ಸರಿಯಾದ ದಾರಿ. 12345654321 ಎಂಬುದು 111111ರ ವರ್ಗ. ಆರು ಸಾಲುಗಳಲ್ಲಿ 111111ನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಬರೆದು ಕೂಡಿಸಿದರೆ, ಬಲತುದಿಯ ಕಂಬದಲ್ಲಿ ಒಂದೇ ಒಂದು 1, ಮುಂದಿನದರಲ್ಲಿ ಎರಡು, ನಡುವಿನ ಕಂಬದಲ್ಲಿ ಆರು, ಅಲ್ಲಿಂದ ಮತ್ತೆ ಇಳಿಕೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕ ಮುಂದಕ್ಕೆ ಹೋಗುವ ಪ್ರಸಂಗವೇ ಇಲ್ಲ. ಹಾರದ ರಹಸ್ಯ ಇಷ್ಟೇ. ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. ಹತ್ತು ಒಂದುಗಳ ವರ್ಗ 1234567900987654321 ಆಗಿ, ನಡುವೆ ದಶಕ ನುಗ್ಗಿ ಹಾರ ಕೆಡುತ್ತದೆ.

ಈಗ 111111ನ್ನು ಬಿಡಿಸೋಣ. ಅದು 111 × 1001. 111 ಎಂದರೆ 3 × 37, 1001 ಎಂದರೆ 7 × 11 × 13. ಆದ್ದರಿಂದ ನಮ್ಮ ಸಂಖ್ಯೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧದ ವರ್ಗ. ಮಹಾವೀರಾಚಾರ್ಯರು ಈ ಐದರಲ್ಲಿ 3 ಮತ್ತು 7ನ್ನು ಒಂದು ಕಡೆಗೂ, 11, 13 ಮತ್ತು 37ನ್ನು ಇನ್ನೊಂದು ಕಡೆಗೂ ಇಟ್ಟಿದ್ದಾರೆ: 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. ಎರಡೂ ವರ್ಗಗಳೇ. ಆರು ಒಂದುಗಳು ಎಲ್ಲಿಯೂ ಕಣ್ಣಿಗೆ ಬೀಳದಂತೆ ಮರೆಮಾಡಿ, ಗುಣಿಸಿದವನಿಗೆ ಮಾತ್ರ ಹಾರ ಕಾಣುವಂತೆ ಮಾಡಿರುವ ಈ ಆಯ್ಕೆ ನನಗೆ ಬಹಳ ಮೆಚ್ಚುಗೆಯಾಯಿತು.

ಭಾಜಕಗಳ ಸಂಖ್ಯೆಯನ್ನೂ ಹೇಳಿಬಿಡುತ್ತೇನೆ. ಪ್ರತಿಯೊಂದು ಅವಿಭಾಜ್ಯದ ಘಾತವನ್ನು 0, 1 ಅಥವಾ 2 ಎಂದು ಆರಿಸಿಕೊಳ್ಳಬಹುದಾದ್ದರಿಂದ ಒಟ್ಟು 3 × 3 × 3 × 3 × 3, ಅಂದರೆ 243 ಭಾಜಕಗಳಿವೆ.

ಬೆಸಸಂಖ್ಯೆ ಬರೆದಿದ್ದಾರೆ:

ಅಂಕಮಾಲೆಯವರ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಆ 243 ಭಾಜಕಗಳ ಮೊತ್ತದಲ್ಲಿದೆ ಎಂದು ನನಗೆ ತೋರುತ್ತದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿಸಿದಾಗ ಅದೇ ಸಂಖ್ಯೆ ಬಂದರೆ ಅದು ಪರಿಪೂರ್ಣ ಸಂಖ್ಯೆ. 6 = 1 + 2 + 3, 28 = 1 + 2 + 4 + 7 + 14. ಮೊತ್ತ ಹೆಚ್ಚಾದರೆ ಅಧಿಕ ಸಂಖ್ಯೆ, ಕಡಿಮೆಯಾದರೆ ನ್ಯೂನ ಸಂಖ್ಯೆ. ಗ್ರೀಕ್ ಗಣಿತಜ್ಞ ನಿಕೋಮಾಕಸ್ ಸುಮಾರು ಕ್ರಿ.ಶ. 100ರಲ್ಲಿಯೇ ಸಂಖ್ಯೆಗಳನ್ನು ಈ ಮೂರು ಗುಂಪುಗಳಾಗಿ ವಿಂಗಡಿಸಿದ್ದ. ಸಂಖ್ಯೆಯನ್ನೂ ಸೇರಿಸಿಕೊಂಡು ಎಲ್ಲ ಭಾಜಕಗಳನ್ನು ಕೂಡಿಸುವುದಾದರೆ, ಮೊತ್ತ ಸಂಖ್ಯೆಯ ಎರಡರಷ್ಟಿದೆಯೇ, ಹೆಚ್ಚೇ, ಕಡಿಮೆಯೇ ಎಂದು ನೋಡಿದರಾಯಿತು. ಈ ಗುಣ ಸಂಖ್ಯೆಗೆ ಸೇರಿದ್ದು. ಯಾವ ಆಧಾರದಲ್ಲಿ ಬರೆದರೂ ಬದಲಾಗುವುದಿಲ್ಲ.

243 ಭಾಜಕಗಳನ್ನು ಒಂದೊಂದಾಗಿ ಕೂಡಿಸಬೇಕಿಲ್ಲ. 3ಕ್ಕೆ 1 + 3 + 9 = 13, 7ಕ್ಕೆ 1 + 7 + 49 = 57, 11ಕ್ಕೆ 133, 13ಕ್ಕೆ 183, 37ಕ್ಕೆ 1407. ಈ ಐದನ್ನೂ ಗುಣಿಸಿದರೆ ಒಟ್ಟು ಮೊತ್ತ 25375524993. ನಮ್ಮ ಸಂಖ್ಯೆಯ ಎರಡರಷ್ಟು 24691308642. ಮೊತ್ತವೇ 684216351ರಷ್ಟು ಹೆಚ್ಚು! ಹಾಗಾಗಿ ಮಹಾವೀರಾಚಾರ್ಯರ ಹಾರ ಒಂದು ಬೆಸ ಅಧಿಕ ಸಂಖ್ಯೆ.

ಇದು ಅಷ್ಟು ಸುಲಭಕ್ಕೆ ಸಿಗುವ ಗುಣವಲ್ಲ. ಸಮಸಂಖ್ಯೆಗಳಲ್ಲಿ ಅಧಿಕ ಸಂಖ್ಯೆಗಳು 12ರಿಂದಲೇ ಆರಂಭವಾಗುತ್ತವೆ, ಬೆಸಗಳಲ್ಲಿ ಮೊದಲನೆಯದಕ್ಕೆ 945ರವರೆಗೆ ಕಾಯಬೇಕು. 945ರಲ್ಲಿ 5 ಇದೆ. 5 ಕೂಡ ಇರಬಾರದು ಎಂದರೆ ಮೊದಲನೆಯದು 81081. ಅದನ್ನು ಬಿಡಿಸಿ ನೋಡಿದರೆ 81 × 1001, ಅಂದರೆ 3ರ ನಾಲ್ಕನೆಯ ಘಾತದ ಜೊತೆಗೆ ಮತ್ತೆ ಅದೇ 7, 11, 13.

ಹಳೆಯವಿದ್ಯಾರ್ಥಿ ಬರೆದಿದ್ದಾರೆ:

ಬೆಸಸಂಖ್ಯೆಯವರ ಲೆಕ್ಕವನ್ನು ನಾನೂ ಕೈಯಲ್ಲಿ ಮಾಡಿ ನೋಡಿದೆ, ಸರಿಯಾಗಿದೆ. ಆದರೆ ಒಂದು ಸಂದೇಹ. ಬೆಸ ಅಧಿಕ ಸಂಖ್ಯೆಯನ್ನು ಕೊಟ್ಟಿರುವ ಮಹಾವೀರಾಚಾರ್ಯರಿಗೆ ಈ ಗುಣದ ಅರಿವಿತ್ತು ಎಂದು ನಾವು ಹೇಳಬಹುದೇ? ಹಾಗಿದ್ದರೆ ಅದು ನಮಗೆಲ್ಲ ಹೆಮ್ಮೆಯ ವಿಷಯ.

ಇನ್ನೊಂದು ಪ್ರಶ್ನೆ: ಐದು ಅವಿಭಾಜ್ಯಗಳಲ್ಲಿ ಯಾವುದಾದರೂ ಒಂದನ್ನು ಕೈಬಿಟ್ಟರೆ ಬೆಸ ಪರಿಪೂರ್ಣ ಸಂಖ್ಯೆ ಸಿಗಬಹುದಲ್ಲವೇ? ಬೆಸ ಪರಿಪೂರ್ಣ ಸಂಖ್ಯೆ ಇದುವರೆಗೆ ಯಾರಿಗೂ ಸಿಕ್ಕಿಲ್ಲ ಎಂದು ಓದಿದ್ದೇನೆ.

ಬೆಸಸಂಖ್ಯೆ ಬರೆದಿದ್ದಾರೆ:

ಮೊದಲ ಪ್ರಶ್ನೆಗೆ ಉತ್ತರ, ಹಾಗೆ ಹೇಳಬಾರದು. ಅವರು ಈ ಸಂಖ್ಯೆಯನ್ನು ಕೊಟ್ಟಿರುವುದು ಗುಣಾಕಾರದ ಉದಾಹರಣೆಯಾಗಿ, ಅಂಕಿಗಳ ಸೊಗಸಿಗಾಗಿ. ಭಾಜಕಗಳ ಮೊತ್ತದ ಮಾತನ್ನು ನಾವು ಇಂದು ಅದರ ಮೇಲೆ ತಂದು ನೋಡುತ್ತಿದ್ದೇವೆ. ಅವರಿಗಿದ್ದ ನಿಜವಾದ ಕೌಶಲವನ್ನು ಕಾಗಿಣಾತೀರ ಮತ್ತು ಲೆಕ್ಕದಪುಟ ಇಬ್ಬರೂ ಮೇಲೆ ತೋರಿಸಿದ್ದಾರೆ, ಗೌರವಕ್ಕೆ ಅದು ಧಾರಾಳವಾಗಿ ಸಾಕು. ಇಲ್ಲದ್ದನ್ನು ಹೊರಿಸಿದರೆ ಇರುವುದರ ಮೇಲಿನ ನಂಬಿಕೆಯೂ ಸಡಿಲವಾಗುತ್ತದೆ.

ಎರಡನೆಯ ಪ್ರಶ್ನೆ ಬಹಳ ಒಳ್ಳೆಯದು. ಒಂದು ತಡೆಯನ್ನು ಮೊದಲೇ ಹೇಳಬೇಕು. ಬೆಸ ಅವಿಭಾಜ್ಯದ ವರ್ಗಕ್ಕೆ ಸಿಗುವ ಮೊತ್ತ ಯಾವಾಗಲೂ ಮೂರು ಬೆಸ ಸಂಖ್ಯೆಗಳ ಮೊತ್ತ, ಆದ್ದರಿಂದ ಬೆಸವೇ. ಬೆಸಗಳನ್ನು ಗುಣಿಸಿದರೆ ಬೆಸವೇ ಬರುತ್ತದೆ. ಪರಿಪೂರ್ಣವಾಗಬೇಕಾದರೆ ಮೊತ್ತ ಸಂಖ್ಯೆಯ ಎರಡರಷ್ಟಾಗಿ ಸಮಸಂಖ್ಯೆಯಾಗಿರಬೇಕು. ಹೀಗಾಗಿ ಈ ಐದರಲ್ಲಿ ಯಾವುದನ್ನು ತೆಗೆದರೂ, ಉಳಿದದ್ದು ವರ್ಗವಾಗಿರುವವರೆಗೆ ಪರಿಪೂರ್ಣ ಸಂಖ್ಯೆ ಸಿಗುವುದಿಲ್ಲ.

ಹಾಗೆಂದು ತೆಗೆದು ನೋಡುವುದನ್ನು ಬಿಡಬೇಡಿ. 37ನ್ನು ತೆಗೆಯಿರಿ. ಉಳಿಯುವುದು 3 × 7 × 11 × 13 = 3003, ಅದರ ವರ್ಗ 9018009. ಭಾಜಕಗಳ ಮೊತ್ತ 13 × 57 × 133 × 183 = 18035199. ಸಂಖ್ಯೆಯ ಎರಡರಷ್ಟು 18036018. ವ್ಯತ್ಯಾಸ ಬರೀ 819! ತೊಂಬತ್ತು ಲಕ್ಷ ದಾಟಿದ ಸಂಖ್ಯೆಗೆ ಪರಿಪೂರ್ಣತೆ ತಪ್ಪಿಹೋದದ್ದು 819ರಿಂದ.

ಆ 819 ಕೂಡ ಸಾಮಾನ್ಯ ಶೇಷವಲ್ಲ. 18036018ನ್ನು 819ರಿಂದ ಭಾಗಿಸಿದರೆ ನಿಶ್ಶೇಷವಾಗಿ 22022, 18035199ನ್ನು ಭಾಗಿಸಿದರೆ ನಿಶ್ಶೇಷವಾಗಿ 22021. ಬೇಕಾದದ್ದು 22022 ಪಾಲು, ಇರುವುದು 22021 ಪಾಲು. ಒಂದೇ ಒಂದು ಪಾಲು ಕಡಿಮೆ.

ಲೆಕ್ಕದಪುಟ ಬರೆದಿದ್ದಾರೆ:

ಬೆಸಸಂಖ್ಯೆಯವರೇ, ನೀವು 22021ನ್ನು ಬರೆದ ಕೂಡಲೇ ನನಗೆ ಬೇರೊಂದು ಸಂಖ್ಯೆ ನೆನಪಾಯಿತು. 198585576189. ಇದನ್ನು ದೆಕಾರ್ತ್ ಸಂಖ್ಯೆ ಎನ್ನುತ್ತಾರೆ.

ಫ್ರಾನ್ಸಿನ ತತ್ತ್ವಜ್ಞಾನಿಯೂ ಗಣಿತಜ್ಞನೂ ಆದ ರೆನೆ ದೆಕಾರ್ತ್ 1638ರ ನವೆಂಬರಿನಲ್ಲಿ ಮರ್ಸೆನ್‌ನಿಗೆ ಬರೆದ ಪತ್ರದಲ್ಲಿ ಅದು ಬರುತ್ತದೆ. 22021 ಎಂಬುದು ಅವಿಭಾಜ್ಯವಾಗಿದ್ದಿದ್ದರೆ, 3, 7, 11 ಮತ್ತು 13ರಿಂದಾದ ವರ್ಗಮೂಲವುಳ್ಳ 9018009ರಿಂದ ಅದನ್ನು ಗುಣಿಸಿ 198585576189 ಎಂಬ ಪರಿಪೂರ್ಣ ಸಂಖ್ಯೆಯನ್ನು ಪಡೆಯಬಹುದಿತ್ತು ಎಂಬುದು ಅಲ್ಲಿನ ಮಾತಿನ ಸಾರ. 9018009 ಎಂದರೆ ನಮ್ಮ 3003ರ ವರ್ಗವೇ! ಮಾನ್ಯಖೇಟದ ಕಾಲದ ಹಾರದೊಳಗೆ ಕುಳಿತಿದ್ದ ಸಂಖ್ಯೆಯೇ ಸುಮಾರು ಎಂಟು ಶತಮಾನಗಳ ನಂತರ ದೆಕಾರ್ತ್‌ನ ಪತ್ರದಲ್ಲಿದೆ. ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದು ಎಂಬ ಅರ್ಥದಲ್ಲಿ ನಾನು ಹೇಳುತ್ತಿಲ್ಲ. ಎರಡು ಬೇರೆ ಬೇರೆ ದಾರಿಗಳು ಒಂದೇ ಸಂಖ್ಯೆಯ ಬಳಿ ಬಂದಿವೆ, ಅಷ್ಟೇ.

ಲೆಕ್ಕ ಹೀಗಿದೆ. ಒಂದು ಅವಿಭಾಜ್ಯವನ್ನು ಒಮ್ಮೆ ಮಾತ್ರ ಗುಣಿಸಿದರೆ ಮೊತ್ತಕ್ಕೆ ಸೇರುವ ಗುಣಕ ಆ ಅವಿಭಾಜ್ಯಕ್ಕಿಂತ ಒಂದು ಹೆಚ್ಚು. 22021ನ್ನು ಅವಿಭಾಜ್ಯವೆಂದು ಭಾವಿಸಿದರೆ ಆ ಗುಣಕ 22022. ಬೆಸಸಂಖ್ಯೆಯವರು ಕಂಡ ಒಂದು ಪಾಲಿನ ಕೊರತೆಯನ್ನು ಈ ಒಂದು ಹೆಚ್ಚಳ ಸರಿಯಾಗಿ ತುಂಬುತ್ತದೆ. 18035199 × 22022 = 397171152378, ಇದು 198585576189ರ ನಿಖರವಾಗಿ ಎರಡರಷ್ಟು.

ತೊಂದರೆ ಒಂದೇ, 22021 ಅವಿಭಾಜ್ಯವಲ್ಲ. ಅದು 19 × 19 × 61.

ಹಳೆಯವಿದ್ಯಾರ್ಥಿ ಬರೆದಿದ್ದಾರೆ:

ಓದಿ ನಿಜವಾಗಿಯೂ ಬೇಸರವಾಯಿತು. ಇಷ್ಟು ಹತ್ತಿರ ಬಂದು ಹೀಗಾಗುವುದೇ? ಹಾಗಾದರೆ ದೆಕಾರ್ತ್‌ನಂಥವರಿಗೂ 22021ನ್ನು 19ರಿಂದ ಭಾಗಿಸಿ ನೋಡಬೇಕೆಂದು ಹೊಳೆಯಲಿಲ್ಲವೇ?

ಬೆಸಸಂಖ್ಯೆ ಬರೆದಿದ್ದಾರೆ:

ಅವರಿಗೆ ತಿಳಿಯದೆ ಆದ ತಪ್ಪಲ್ಲ ಅದು. ‘ಅವಿಭಾಜ್ಯವಾಗಿದ್ದಿದ್ದರೆ’ ಎಂಬ ಷರತ್ತಿನೊಂದಿಗೇ ಬರೆದಿದ್ದಾರೆ. ಬೆಸ ಪರಿಪೂರ್ಣ ಸಂಖ್ಯೆ ಇರಲಾರದು ಎನ್ನಲು ಕಾರಣ ಕಾಣುತ್ತಿಲ್ಲ, ಇದ್ದರೆ ಒಂದು ಅವಿಭಾಜ್ಯ ಮತ್ತು ಒಂದು ವರ್ಗದ ಗುಣಲಬ್ಧವಾಗಿರಬೇಕು ಎಂಬುದನ್ನು ತೋರಿಸುವುದಕ್ಕಾಗಿ ಕೊಟ್ಟ ಉದಾಹರಣೆ ಅದು. ಮುಂದೆ ಆಯ್ಲರ್ ಈ ಮಾತನ್ನು ಬಿಗಿಗೊಳಿಸಿದರು. ಬೆಸ ಪರಿಪೂರ್ಣ ಸಂಖ್ಯೆ ಇದ್ದರೆ ಅದರಲ್ಲಿ ಒಂದೇ ಒಂದು ಅವಿಭಾಜ್ಯದ ಘಾತ ಬೆಸವಾಗಿರಬೇಕು, ಉಳಿದ ಭಾಗ ವರ್ಗವಾಗಿರಬೇಕು. ಆ ಅವಿಭಾಜ್ಯವನ್ನೂ ಅದರ ಘಾತವನ್ನೂ 4ರಿಂದ ಭಾಗಿಸಿದಾಗ ಶೇಷ 1 ಬರಬೇಕು. 22021ನ್ನು 4ರಿಂದ ಭಾಗಿಸಿ ನೋಡಿ, ಶೇಷ 1. ಆಯ್ಲರ್ ಹಾಕಿದ ಬಾಗಿಲಿನಲ್ಲಿ ದೆಕಾರ್ತ್ ಸಂಖ್ಯೆ ತಲೆ ಬಗ್ಗಿಸದೆ ಒಳಗೆ ಬರುತ್ತದೆ.

19 × 19 × 61 ಎಲ್ಲಿಂದ ಬಂತು ಎಂಬುದನ್ನು ನೋಡಿದರೆ ನಿಮ್ಮ ಬೇಸರ ಕಳೆಯಬಹುದು. ಮೇಲಿನ ನಾಲ್ಕು ಮೊತ್ತಗಳನ್ನು ಬಿಡಿಸಿ: 13 ಹಾಗೆಯೇ ಇರಲಿ, 57 = 3 × 19, 133 = 7 × 19, 183 = 3 × 61. ಕೊನೆಯದಾಗಿ 22022 = 2 × 7 × 11 × 11 × 13. ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಎರಡು 3, ಎರಡು 7, ಎರಡು 11, ಎರಡು 13 ಸಿಗುತ್ತವೆ. ಅಲ್ಲಿಗೆ 3003ರ ವರ್ಗ ಮರಳಿ ಬಂತು. ಪರಿಪೂರ್ಣತೆಗೆ ಬೇಕಾದ 2 ಕೂಡ ಬಂತು. ಉಳಿಯುವುದು ಎರಡು 19 ಮತ್ತು ಒಂದು 61. ಅವುಗಳ ಗುಣಲಬ್ಧವೇ 22021. ಅಂದರೆ 22021ಕ್ಕೆ ಅವಿಭಾಜ್ಯವಾಗುವ ಅವಕಾಶವೇ ಇರಲಿಲ್ಲ. ಈ ಜೋಡಣೆ ಕೂಡಿಬರಲು ಅದು ಹೀಗೆ ಒಡೆಯಲೇಬೇಕಿತ್ತು. ನಾನು ಮೊದಲ ಬಾರಿ ಇದನ್ನು ಕಾಗದದ ಮೇಲೆ ಬಿಡಿಸಿದ ದಿನ, ಲೆಕ್ಕವನ್ನು ಅಳಿಸದೆ ಆ ಹಾಳೆಯನ್ನು ಹಾಗೆಯೇ ಎತ್ತಿಟ್ಟುಕೊಂಡೆ.

ನಿಜವಾದ ಅಪವರ್ತನಗಳನ್ನು ಬಳಸಿದರೆ 22021ಕ್ಕೆ ಸಿಗುವ ಮೊತ್ತ 381 × 62 = 23622. ಆಗ ದೆಕಾರ್ತ್ ಸಂಖ್ಯೆಯ ಭಾಜಕಗಳ ಮೊತ್ತ 426027470778 ಆಗಿ, ಎರಡರಷ್ಟನ್ನು ಬಹಳವೇ ಮೀರುತ್ತದೆ. ಅದೂ ಹಾರದಂತೆಯೇ ಅಧಿಕ ಸಂಖ್ಯೆ.

ಲೆಕ್ಕದಪುಟ ಬರೆದಿದ್ದಾರೆ:

ಈ ದಾರಿಯಲ್ಲಿ ನಡೆದವರು ಮುಂದೆಯೂ ಇದ್ದಾರೆ. 1999ರಲ್ಲಿ ಜಾನ್ ವೋಯ್ಟ್ ಋಣ ಸಂಖ್ಯೆಗೂ ಅವಕಾಶ ಕೊಟ್ಟು, 3ರ ನಾಲ್ಕನೆಯ ಘಾತ, 7, 11 ಮತ್ತು 19ರ ವರ್ಗಗಳು ಹಾಗೂ −127 ಇವುಗಳಿಂದ ಇಂಥದ್ದೇ ಇನ್ನೊಂದು ಹುಸಿ ಪರಿಪೂರ್ಣ ಸಂಖ್ಯೆಯನ್ನು ಕಟ್ಟಿದರು. ಹುಸಿಯಲ್ಲದ ಬೆಸ ಪರಿಪೂರ್ಣ ಸಂಖ್ಯೆಯ ಸ್ಥಿತಿ ಮಾತ್ರ ಹಾಗೆಯೇ ಇದೆ. ಒಂದು ವೇಳೆ ಇದ್ದರೆ ಅದು 10ರ 1500ನೆಯ ಘಾತಕ್ಕಿಂತ ದೊಡ್ಡದಾಗಿರಬೇಕೆಂದು ಓಶೆಮ್ ಮತ್ತು ರಾವ್ 2012ರಲ್ಲಿ ತೋರಿಸಿದ್ದಾರೆ. ಇಲ್ಲವೇ ಇಲ್ಲ ಎಂಬುದಕ್ಕೆ ಸಾಧನೆ ಸಿಕ್ಕಿಲ್ಲ.

ಕಾಗಿಣಾತೀರ ಬರೆದಿದ್ದಾರೆ:

ನಾನು ಗಣಿತ ಓದಿದವನಲ್ಲ, ಆದರೂ ಒಂದು ಕೇಳಬೇಕೆನಿಸಿತು. ಹಾರದಲ್ಲಿಯೂ ದೆಕಾರ್ತ್‌ನ ಸಂಖ್ಯೆಯಲ್ಲಿಯೂ 7, 11, 13 ಒಟ್ಟಿಗೆ ಬಂದಿರುವುದಕ್ಕೆ ಒಂದೇ ಕಾರಣವಿದೆಯೇ, ಅಥವಾ ಕಾಕತಾಳೀಯವೇ?

ಬೆಸಸಂಖ್ಯೆ ಬರೆದಿದ್ದಾರೆ:

ಸರ್, ಕಾರಣಗಳು ಬೇರೆ ಬೇರೆ. ಹಾರದಲ್ಲಿ ಅವು ಬಂದಿರುವುದು ನಾವು ಹತ್ತರ ಆಧಾರದಲ್ಲಿ ಬರೆಯುವುದರಿಂದ: 1001 ಎಂಬುದು 1000ಕ್ಕಿಂತ ಒಂದು ಹೆಚ್ಚು, ಅದು 7 × 11 × 13 ಆಗಿರುವುದು ದಶಮಾನ ಪದ್ಧತಿಗೆ ಒದಗಿದ ಒಂದು ಸೌಕರ್ಯ. ದೆಕಾರ್ತ್‌ನ ಕಡೆ ಅವು ಬಂದಿರುವುದು ಚಿಕ್ಕ ಬೆಸ ಅವಿಭಾಜ್ಯಗಳೆಂಬ ಕಾರಣಕ್ಕೆ. ಭಾಜಕಗಳ ಮೊತ್ತವನ್ನು ಎರಡರಷ್ಟರ ಹತ್ತಿರ ತರಬೇಕಾದರೆ ಚಿಕ್ಕ ಅವಿಭಾಜ್ಯಗಳು ಬೇಕು, ದೊಡ್ಡವು ಹೆಚ್ಚೇನೂ ಸೇರಿಸುವುದಿಲ್ಲ. ಆದರೆ 3, 5, 7 ಮೂರೂ ಒಟ್ಟಿಗೆ ಬೆಸ ಪರಿಪೂರ್ಣ ಸಂಖ್ಯೆಯಲ್ಲಿ ಇರಲಾರವು ಎಂದು ಸಿಲ್ವೆಸ್ಟರ್ 1888ರಲ್ಲಿ ತೋರಿಸಿದರು. 5ನ್ನು ಬಿಟ್ಟು ಸಾಲಾಗಿ ಎತ್ತಿಕೊಂಡರೆ 3, 7, 11, 13. ಎರಡು ಕಾರಣಗಳೂ ಒಂದೇ ಗುಂಪಿನ ಮೇಲೆ ಬಂದು ಬಿದ್ದಿರುವುದನ್ನು ಕಾಕತಾಳೀಯವೆಂದೇ ಒಪ್ಪಿಕೊಳ್ಳಬೇಕು.

ಅಂದಮೇಲೆ ಹಾರ ಅಧಿಕ ಸಂಖ್ಯೆಯಾಗಿರುವುದೇಕೆ ಎಂಬುದೂ ಈಗ ಸ್ಪಷ್ಟ. 3003ರ ವರ್ಗಕ್ಕೆ ಇರುವ ಕೊರತೆ 22022ರಲ್ಲಿ ಒಂದು ಪಾಲು. ಅದಕ್ಕೆ 22021ಕ್ಕಿಂತ ಚಿಕ್ಕದಾದ ಯಾವುದೇ ಹೊಸ ಅವಿಭಾಜ್ಯವನ್ನು ಒಮ್ಮೆ ಗುಣಿಸಿದರೂ ಸಾಕು, ತಕ್ಕಡಿ ಆಚೆ ವಾಲುತ್ತದೆ. ಹಾರದಲ್ಲಿರುವುದು 37, ಅದೂ ಎರಡು ಬಾರಿ.

ಅಂಕಮಾಲೆ ಬರೆದಿದ್ದಾರೆ:

ನಿಮ್ಮೆಲ್ಲರಿಗೂ ತುಂಬು ಹೃದಯದ ಧನ್ಯವಾದ. ಇಂದು ತರಗತಿಯಲ್ಲಿ ಮೊದಲು 22021ನ್ನು ಮಾತ್ರ ಹಲಗೆಯ ಮೇಲೆ ಬರೆದು, ಇದು ಅವಿಭಾಜ್ಯವೇ ಎಂದು ಪರೀಕ್ಷಿಸಲು ಹೇಳಿದೆ. 148ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕೆಂದು ಅವರಿಗೆ ಗೊತ್ತಿತ್ತು. 17ರಲ್ಲಿ ಶೇಷ 6 ಬಂದಾಗ ಅರ್ಧ ತರಗತಿ ಅದು ಅವಿಭಾಜ್ಯವೇ ಇರಬೇಕೆಂದು ತೀರ್ಮಾನಿಸಿತ್ತು. 19ರಲ್ಲಿ 1159 ನಿಶ್ಶೇಷವಾಗಿ ಬಂದಾಗ ಕೋಣೆಯಲ್ಲಿ ಎದ್ದ ಸದ್ದನ್ನು ನೀವು ಕೇಳಬೇಕಿತ್ತು. ಆಮೇಲೆ ದೆಕಾರ್ತ್‌ನ ಪತ್ರದ ಕಥೆ ಹೇಳಿದೆ.

ಪ್ರಶ್ನೆ ಕೇಳಿದ್ದ ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ಒಂದರಿಂದ ಒಂಬತ್ತರವರೆಗೆ ಒಂದುಗಳನ್ನಿಟ್ಟು ಒಂಬತ್ತು ಹಾರಗಳನ್ನು ಕಟ್ಟಬಹುದಲ್ಲವೇ, ಅವುಗಳಲ್ಲಿ ಅಧಿಕ ಸಂಖ್ಯೆಗಳೆಷ್ಟು ಎಂದು ಕೇಳಿದಳು. ಎಲ್ಲರೂ ಸೇರಿ ಬಿಡಿಸಿದೆವು. ಒಂಬತ್ತು ಒಂದುಗಳ ಹಾರ 12345678987654321 ಎಲ್ಲಕ್ಕಿಂತ ಉದ್ದ, ಆದರೆ ಅದರ ವರ್ಗಮೂಲ 9 × 37 × 333667. 7, 11, 13 ಯಾವುದೂ ಇಲ್ಲದ ಅದು ನ್ಯೂನ ಸಂಖ್ಯೆ. ಎಂಟರದ್ದು 11, 73, 101, 137 ಇವುಗಳಿಂದಾದದ್ದು, 3 ಕೂಡ ಇಲ್ಲ. ಏಳರದ್ದು 239 ಮತ್ತು 4649. ಐದರದ್ದು 41 ಮತ್ತು 271. ಒಂಬತ್ತರಲ್ಲಿ ಅಧಿಕ ಸಂಖ್ಯೆಯಾಗಿ ಉಳಿದದ್ದು ಆರರ ಹಾರ ಒಂದೇ. ಅದನ್ನೇ ಮಹಾವೀರಾಚಾರ್ಯರು ಕೊಟ್ಟಿದ್ದಾರೆ. ಬೆಸಸಂಖ್ಯೆಯವರ ಎಚ್ಚರಿಕೆಯನ್ನು ನೆನಪಿಟ್ಟುಕೊಂಡು, ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಮಕ್ಕಳಿಗೆ ಹೇಳಲಿಲ್ಲ.

ನಾಳೆಗೆ ಅವರು ಹನ್ನೆರಡು ಒಂದುಗಳ ವರ್ಗವನ್ನು ತೆಗೆದುಕೊಂಡಿದ್ದಾರೆ. ಹಾರ ಅಲ್ಲಿ ಕೆಟ್ಟಿರುತ್ತದೆ ಎಂದು ಅವರಿಗೆ ಗೊತ್ತು. 111111ರಿಂದ ಹನ್ನೆರಡು ಒಂದುಗಳು ಭಾಗವಾಗುತ್ತವೆ ಎಂಬುದನ್ನು ಅವರೇ ಕಂಡುಕೊಳ್ಳಲಿ ಎಂದು ನಾನು ಸುಮ್ಮನಿದ್ದೇನೆ.